ಮುಂಬಾಗಿಲಿಗೆ ಪಟ್ಟು ಹಿಡಿದವರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊಸ ಸರ್ಕಾರಿ ಆಸ್ಪತ್ರೆಯ ಮುಂದೆ ಇಸ್ತ್ರಿ ಅಂಗಿಯ ಅಧಿಕಾರಿಯೊಬ್ಬರು ಗಾಲಿಕುರ್ಚಿಯಲ್ಲಿ ಮರಳಿನ ಮೂಟೆ ಕೂರಿಸಿಕೊಂಡು ಇಳಿಜಾರು ಹತ್ತಿಸುತ್ತಿದ್ದಾರೆ. ಅರ್ಧಕ್ಕೆ ಬರುವಷ್ಟರಲ್ಲಿ ಏದುಸಿರು.

"ಏನ್ ಸಾರ್, ಮೂಟೆಗೆ ಜ್ವರ ಬಂದಿದ್ಯಾ?" ಎಂದು ಕಾವಲುಗಾರ ಕಿಚಾಯಿಸುತ್ತಾನೆ.

"ಜ್ವರ ಬರೋದು ಈಗ ಕಂಟ್ರಾಕ್ಟರಿಗೆ. ತೀರಾ ಕಡಿದಾಗಿ ಕಟ್ಟಿದ್ದಾನೆ. ಒಡೆದು ಮತ್ತೆ ಕಟ್ಟಲಿ."

ಇವರು ಆರೋಗ್ಯ ಮತ್ತು ಕಲ್ಯಾಣ ಸಚಿವಾಲಯದ ಉಪ ಕಾರ್ಯದರ್ಶಿ. ಗುಮಾಸ್ತರಾಗಿ ಸೇರಿ, ಇಡೀ ದೇಶದ ಆಸ್ಪತ್ರೆಗಳು ಪಾಲಿಸಬೇಕಾದ ನಿಯಮಗಳ ಕರಡು ಬರೆಯುವ ಮಟ್ಟಕ್ಕೆ ಬಂದವರು. ಸಚಿವರು ಬರುತ್ತಾರೆ, ಹೋಗುತ್ತಾರೆ, ಪತ್ರಿಕೆಗಳಲ್ಲಿ ಅವರ ಫೋಟೊ ಬರುತ್ತದೆ. ಇವರು ಮಾಡುವ ಕೆಲಸ ಪಕ್ಕದ ಮನೆಯವರಿಗೂ ಗೊತ್ತಿಲ್ಲ. ಕಚೇರಿಯಲ್ಲಿ ಮಾತ್ರ 'ಮೂಟೆ ಸಾಹೇಬ್ರು' ಎಂಬ ಅಡ್ಡಹೆಸರಿದೆ.

ಇವರನ್ನು ಸಾಕಿದ್ದು ಅಕ್ಕ. ಚಿಕ್ಕಂದಿನಲ್ಲೇ ಕಾಲಿನ ಸ್ವಾಧೀನ ಕಳೆದುಕೊಂಡಾಕೆ ಕೈಯಲ್ಲಿ ಹೊಲಿಗೆ ಯಂತ್ರ ತಿರುಗಿಸಿಯೇ ತಮ್ಮನನ್ನು ಓದಿಸಿದರು. ಪ್ರತಿ ಆಸ್ಪತ್ರೆಗೂ ಇಳಿಜಾರು ಇರಲೇಬೇಕೆಂಬ ನಿಯಮ ಬರೆದಾಗ ತಮ್ಮನಿಗೆ ಜಂಬವೋ ಜಂಬ. ಆದರೆ ಯಾವ ಬಾಗಿಲಿಗೆ ಎಂದು ಬರೆಯಲು ಮರೆತಿದ್ದರು. ಆಸ್ಪತ್ರೆಯವರು ಹಿತ್ತಿಲಲ್ಲಿ, ಕಸದ ತೊಟ್ಟಿಯ ಪಕ್ಕ ಕಟ್ಟಿ ಕೈತೊಳೆದುಕೊಂಡರು. ಅಲ್ಲಿಂದ ಒಳಗೆ ಕರೆದೊಯ್ದ ದಿನ ಅಕ್ಕ ಕೇಳಿದ್ದು ಒಂದೇ ಮಾತು: "ಹಿಂಬಾಗಿಲಿಂದ ಬರೋಕೆ ನಾನೇನು ಕಳ್ಳೀನೇನೋ?"

"ಅವತ್ತು ರಾತ್ರೀನೇ ತಿದ್ದುಪಡಿ ಬರೆಯೋಕೆ ಕೂತೆ," ಎನ್ನುತ್ತಾರೆ. ನಿಯಮ ತಿದ್ದಿಸಲು ಹಣಕಾಸಿನವರ ಜತೆ ವರ್ಷಗಟ್ಟಲೆ ಗುದ್ದಾಡಿದರು. "ಹೋದ ವರ್ಷ ಒಪ್ಪಿದ್ರು. ಈಗ ಮುಂಬಾಗಿಲಲ್ಲೇ ಇರ್ಬೇಕು. ನಮ್ಮ ಮೂಟೆ ಸಲೀಸಾಗಿ ಹತ್ತಿದ್ರೇನೇ ಪಾಸು."

ದೀಪದ ಬುಡದಲ್ಲಿ ಮಾತ್ರ ಕತ್ತಲೆ. ಆ ನಿಯಮ ಆಸ್ಪತ್ರೆಗಳಿಗಷ್ಟೇ. ಸಚಿವಾಲಯದ ಮುಂಬಾಗಿಲಿಗೆ ಇವತ್ತಿಗೂ ಬರೀ ಮೆಟ್ಟಿಲು. ತಿಂಗಳ ಕೊನೆಗೆ ಇವರ ನಿವೃತ್ತಿ. ತಮ್ಮನ ಕಚೇರಿಯನ್ನು ಅಕ್ಕ ಒಮ್ಮೆಯೂ ನೋಡಿಲ್ಲ. ನಾಲ್ವರು ಜವಾನರು ಎತ್ತಿಕೊಂಡು ಬರುತ್ತಾರೆಂದು ಮೇಲಧಿಕಾರಿ ಹೇಳಿ ಕಳಿಸಿದರೆ, "ಹೊತ್ಕೊಂಡು ಹೋಗೋಕೆ ನಾನೇನು ಬೀರೂನಾ?" ಎಂದು ಆಕೆ ಗದರಿ ಕಳಿಸಿದ್ದಾರೆ.

ಅಲ್ಲೂ ಇಳಿಜಾರಿಗೆ ಮಂಜೂರಾತಿ ಸಿಕ್ಕಿದೆ. ಆದರೆ ಕೆಲಸ ಶುರುವಾಗುವುದು ಇವರು ಹೊರಬಿದ್ದ ಮೇಲೆ. ಬೇಸರವಿಲ್ಲವೇ ಎಂದು ಕೇಳಿದರೆ ಮೂಟೆಯ ಮೇಲಿನ ಧೂಳು ಕೊಡವುತ್ತಾರೆ.

"ಇಲ್ಲ ಅಂದ್ರೆ ಸುಳ್ಳಾಗುತ್ತೆ. ನನ್ನ ಕುರ್ಚೀಲಿ ಆಗ ಬೇರೆ ಯಾರೋ ಇರ್ತಾರೆ. ಇರ್ಲಿ ಬಿಡಿ. ಅಕ್ಕನ್ನ ಕರ್ಕೊಂಡು ಬಂದು, ನಾನು ಇಲ್ಲೇ ಕೂರ್ತಿದ್ದೆ ಕಣೇ ಅಂತ ತೋರಿಸ್ತೀನಿ. ಮುಂಬಾಗಿಲಿಂದಾನೇ."