ಬುಕ್ಕಸಾಗರದ ಹಿಂದಿನ ಕೋಣೆಯ ಫ್ಯಾನು

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಹೊಸಪೇಟೆಯ ಒಂದು ಖಾಸಗಿ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಎಂಜಿನಿಯರ್ ಆಗಿದ್ದೆ. ಮೀಟರು, ರಿಲೇ, ಕಂಟ್ರೋಲ್ ಪ್ಯಾನಲ್ಲು ನನ್ನ ಪಾಲಿನವು. ಸಂಜೆ ಮನೆಯಲ್ಲಿ ಊರವರ ರೇಡಿಯೋ, ಟೀವಿ ಬಿಚ್ಚಿಕೊಂಡು ಕೂರುವ ಚಟವೂ ಇತ್ತು. ಅದಕ್ಕೆ ನನ್ನ ಹೆಂಡತಿ ಇಟ್ಟಿದ್ದ ಹೆಸರು ಇಲ್ಲಿ ಬರೆಯುವಂಥದ್ದಲ್ಲ. ಆ ಸುದ್ದಿ ಕೇಳಿಯೇ ಹತ್ತಿರದ ಹಳ್ಳಿ ಬುಕ್ಕಸಾಗರದ ಬಸವರಾಜ ನಮ್ಮ ಮನೆ ಹುಡುಕಿಕೊಂಡು ಬಂದದ್ದು.

ಬಸವರಾಜನದು ಕಾಲುವೆ ನೀರಿನ ಭತ್ತದ ಗದ್ದೆ, ವರ್ಷಕ್ಕೆ ಎರಡು ಬೆಳೆ. ಹೊಸದಾಗಿ ಆರ್‌ಸಿಸಿ ಮನೆ ಕಟ್ಟಿಸಿದ್ದ. ಅವನ ಅಣ್ಣ ಗಾದಿಲಿಂಗಪ್ಪ ಸಂಡೂರಿನ ಕಡೆ ಗಣಿ ಕೆಲಸದಲ್ಲಿ ಲಾರಿಯ ಮೇಲಿಂದ ಬಿದ್ದು, ಬೆನ್ನುಮೂಳೆ ಮುರಿದುಕೊಂಡು, ಆ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿಬಿಟ್ಟಿದ್ದ. ಮದುವೆಯಾಗಿರಲಿಲ್ಲ. ಕುತ್ತಿಗೆಯಿಂದ ಕೆಳಗೆ ಬಲಗೈಯ ಬೆರಳುಗಳಷ್ಟೇ ಅವನು ಹೇಳಿದಂತೆ ಕೇಳುತ್ತಿದ್ದವು. ಫ್ಯಾನು ಹಾಕಬೇಕು, ದೀಪ ಆರಿಸಬೇಕು ಎಂದರೆ ಕೂಗಬೇಕಿತ್ತು. ಬಸವರಾಜನ ಹೆಂಡತಿ ಹುಲಿಗೆಮ್ಮ ಹಿಡಿದ ಕೆಲಸ ಬಿಟ್ಟು ಬರಬೇಕಿತ್ತು.

"ಅಣ್ಣ ಮಲಗಿದಲ್ಲೇ ಹಚ್ಚೋಹಂಗ ಏನರ ಮಾಡಿಕೊಡ್ರಿ ಆಚಾರ್ರ. ಆದ್ರ ಹೊಸ ಗ್ವಾಡಿ ಒಡಿಬ್ಯಾಡ್ರಿ. ವೈರು ಜೋತಾಡೋದೂ ಬ್ಯಾಡ," ಎಂದ ಬಸವರಾಜ.

ಗೋಡೆ ಒಡೆಯಬಾರದು, ವೈರು ಎಳೆಯಬಾರದು, ಹಾಗಾದರೆ ಮಂತ್ರ ಹಾಕಲೇನಪ್ಪಾ ಎಂದು ರೇಗಿದೆ. ಆದರೆ ಅವನು ಹೋದ ಮೇಲೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ದಾರಿ ಇರಲಿಲ್ಲವೆಂದಲ್ಲ. ಗೋಡೆಯೊಳಗೆ ಈಗಾಗಲೇ ಇರುವ ಕರೆಂಟಿನ ವೈರಿನಲ್ಲೇ, ಆ ಕರೆಂಟಿನ ಜೊತೆಗೆ, ತುಂಬಾ ಹೆಚ್ಚಿನ ಫ್ರೀಕ್ವೆನ್ಸಿಯ ಒಂದು ಸಣ್ಣ ಸಂಕೇತವನ್ನು ಕಳಿಸಬಹುದು. ಮಂಚದ ಪಕ್ಕದ ಪ್ಲಗ್ಗಿಗೆ ಸಂಕೇತ ಕಳಿಸುವ ಡಬ್ಬಿ, ಅದರಲ್ಲಿ ಫ್ಯಾನಿಗೊಂದು, ದೀಪಕ್ಕೊಂದು ಗುಂಡಿ, ಗಾದಿಲಿಂಗಪ್ಪನ ಬೆರಳಿಗೆ ಸಿಗುವಂತೆ. ಬಾಗಿಲ ಬಳಿಯ ಸ್ವಿಚ್‌ಬೋರ್ಡಿನೊಳಗೆ ಅದನ್ನು ಹಿಡಿಯುವ ಇನ್ನೊಂದು ಡಬ್ಬಿ. ಹಿಡಿದ ಕೂಡಲೇ ಅದರೊಳಗಿನ ರಿಲೇ ಸ್ವಿಚ್ಚು ಕಟಕ್ಕೆನ್ನುತ್ತದೆ, ಫ್ಯಾನು ತಿರುಗುತ್ತದೆ. ಹೊಸ ವೈರು ಒಂದು ಗೇಣೂ ಬೇಡ.

ಬಿಡಿಭಾಗ ತರಿಸಿ, ಸುಟ್ಟು, ಮತ್ತೆ ತರಿಸಿ ಅಂತೂ ಡಬ್ಬಿಗಳು ಸಿದ್ಧವಾದವು. ಬುಕ್ಕಸಾಗರದಲ್ಲಿ ಅವನ್ನು ಕೂರಿಸಿದ ದಿನ ಗಾದಿಲಿಂಗಪ್ಪ ಫ್ಯಾನು ಹಾಕಿದ, ಆರಿಸಿದ, ಹಾಕಿದ. ಹುಲಿಗೆಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನೂ ಉಬ್ಬಿಹೋದೆ.

ಕೆಲವು ವಾರಗಳಲ್ಲಿ ಗುಂಡಿ ಒತ್ತಿದರೂ ಫ್ಯಾನು ಕದಲುತ್ತಿಲ್ಲ ಎಂಬ ದೂರು ಬಂತು. ಹೋಗಿ ನೋಡಿದರೆ ಡಬ್ಬಿಗಳು ನೆಟ್ಟಗಿದ್ದವು, ಕೆಡಿಸಿದ್ದು ಊರಿನ ರೂಢಿ. ನಾಟಿಯ ಕಾಲದಲ್ಲಿ ನದಿದಂಡೆಯ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದರೆ ಕರೆಂಟಿನ ಮೂರು ಫೇಸುಗಳಲ್ಲಿ ಒಂದು ಕುಗ್ಗುತ್ತದೆ. ಆಗ ಅಲ್ಲಿಯವರು ಮೀಟರಿನ ಪಕ್ಕ ಇಟ್ಟುಕೊಂಡ ಹಿಡಿಕೆ ತಿರುಗಿಸಿ, ಲೈಟು ಫ್ಯಾನುಗಳನ್ನು ಚೆನ್ನಾಗಿರುವ ಫೇಸಿಗೆ ಹಾಕಿಕೊಳ್ಳುತ್ತಾರೆ. ಪ್ಲಗ್ಗುಗಳು ಹಳೆಯ ಫೇಸಿನಲ್ಲೇ ಉಳಿಯುತ್ತವೆ. ಒಂದು ಫೇಸಿನ ಸಂಕೇತ ಇನ್ನೊಂದಕ್ಕೆ ದಾಟುವುದಿಲ್ಲ. ಗಾದಿಲಿಂಗಪ್ಪನ ಮಂಚದ ಬಳಿ ನಿಂತು ಎಲ್ಲರಿಗೂ ಇದನ್ನು ಬಿಡಿಸಿ ಹೇಳಿ, ಹಿಡಿಕೆ ಮುಟ್ಟಬೇಡಿ ಎಂದು ಗದರಿ ಬಂದೆ.

ಸುಗ್ಗಿ ಮುಗಿದ ಮೇಲೆ ಮತ್ತೆ ಅದೇ ದೂರು. ಮಧ್ಯಾಹ್ನ ಸ್ಕೂಟರಿನಲ್ಲಿ ಹೋದೆ. ಹಿಡಿಕೆ ತಿರುಗಿತ್ತು. ಅದನ್ನು ಸರಿಮಾಡಲು ಕೈ ಹಾಕಿದರೆ, ತೆರೆದ ಬಾಗಿಲಿನಿಂದ ಗಾದಿಲಿಂಗಪ್ಪ ಕರೆದ.

"ಅದನ್ನ ಮುಟ್ಟಬ್ಯಾಡ್ರಿ ಆಚಾರ್ರ. ತಿರುಗಿಸಾಕ ಗದ್ದಿ ಆಳಿಗೆ ನಾನೇ ಹೇಳೀನಿ, ವೋಲ್ಟೇಜ್ ಇಲ್ಲ ಅಂತ."

"ವೋಲ್ಟೇಜ್ ಛಲೋ ಐತಲ್ಲಪ್ಪಾ," ಎಂದೆ.

ಅವನು ಬಾಗಿಲಾಚೆ ಯಾರೂ ಇಲ್ಲವೆಂದು ನೋಡಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ. "ಮೊದ್ಲು ಹುಲಿಗೆಮ್ಮ ಫ್ಯಾನ್ ಹಚ್ಚಾಕ ಬಂದ್ರ ನಿಂತು ಎರಡು ಮಾತು ಆಡ್ತಿದ್ಲು. ತಮ್ಮ ಲೈಟ್ ಆರಿಸಾಕ ಬಂದ್ರ ಇಲ್ಲೇ ಕುಂತು ಗದ್ದಿ ಸುದ್ದಿ ಹೇಳ್ತಿದ್ದ. ಬೈಕೋತ ಬರ್ತಿದ್ರು, ಖರೇ. ಆದ್ರ ಬರ್ತಿದ್ರು. ಈಗ ಉಣಿಸಿ, ಅರಿವಿ ಬದಲಿ ಮಾಡಿ ಹೋದ್ರ ಮುಗೀತು. ಅವರೇನು ಕೆಟ್ಟವ್ರಲ್ರಿ. ಬರಾಕ ಕೆಲಸ ಇಲ್ಲ, ಅಷ್ಟ. ಇದು ರಿಪೇರಿ ಆಗಂಗಿಲ್ಲ ಅಂತ ಹೇಳಿಬಿಡ್ರಿ."

ಕೆಲಸದಲ್ಲಿ ನಾನು ಸುಳ್ಳು ಹೇಳುವವನಲ್ಲ, ಆದರೆ ಆ ದಿನ ಹೇಳಲು ಒಪ್ಪಿದೆ. ಎರಡೂ ಡಬ್ಬಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಬಸವರಾಜ ಗದ್ದೆಯಿಂದ ಬಂದ ಮೇಲೆ ಗಂಡಹೆಂಡಿರಿಗೆ, ಇದು ಇನ್ನು ಸರಿಹೋಗುವುದಿಲ್ಲ, ಮೊದಲಿನಂತೆ ನೀವೇ ಬಂದು ಹಾಕಬೇಕು ಎಂದೆ. ಬಸವರಾಜನಿಗೆ ಬೇಸರವಾಯಿತು. ನಾನು ಪಟ್ಟ ಶ್ರಮ ನೀರುಪಾಲಾಯಿತಲ್ಲ ಎಂದು ನನಗೇ ಸಮಾಧಾನ ಹೇಳಿದ.

ಹುಲಿಗೆಮ್ಮ ಮಾತ್ರ ಒಂದು ಕ್ಷಣ ಯೋಚಿಸಿ, "ಹೋಗ್ಲಿ ಬಿಡ್ರಿ," ಎಂದಳು. "ಹೆಂಗೂ ಮೀಟರ್ ನಿಂತು ಹೋಗೇತಿ, ಬಿಲ್ಲಿನ ಚಿಂತಿಲ್ಲ. ಫ್ಯಾನು ಲೈಟು ಎರಡೂ ಹಗಲು ರಾತ್ರಿ ಹಚ್ಚೇ ಇಡ್ತೀವಿ. ಭಾವಾರಿಗೂ ಒದರೋ ತ್ರಾಸಿಲ್ಲ."

ಅವಳು ಅಕ್ಕರೆಯಿಂದಲೇ ಹೇಳಿದ್ದಳು. ಗಾದಿಲಿಂಗಪ್ಪ ಹೇಳಿದ್ದನ್ನು ಅವರಿಗೆ ಹೇಳಿದರೆ ಅವನ ಮಾನ ಹೋಗುತ್ತದೆ, ಹೇಳದಿದ್ದರೆ ಅವರನ್ನು ಕೋಣೆಗೆ ಕರೆಯಲು ಅವನಿಗೆ ಇದ್ದ ಕೊನೆಯ ನೆಪವೂ ಹೋಗುತ್ತದೆ. ಅವಳು ಒಳಗೆ ಹೋಗಿ ಎರಡೂ ಸ್ವಿಚ್ ಒತ್ತಿ ಬಂದಳು. ನಾನು ಹೊರಡುವಾಗ ಬಾಗಿಲಲ್ಲಿ ನಿಂತು ನೋಡಿದೆ. ಸುಡು ಬಿಸಿಲಿನ ಹೊತ್ತಿನಲ್ಲಿ ದೀಪ ಉರಿಯುತ್ತಿತ್ತು. ಗಾದಿಲಿಂಗಪ್ಪ ಮುಖ ಗೋಡೆಯ ಕಡೆಗೆ ಹೊರಳಿಸಿಕೊಂಡಿದ್ದ. ದಾರಿಯಲ್ಲಿ ಕಣ್ಣು ಮಂಜಾಗಿ ಸ್ಕೂಟರ್ ನಿಲ್ಲಿಸಬೇಕಾಯಿತು.

ನಿವೃತ್ತಿಯವರೆಗೂ, ಆಮೇಲೂ ಎಷ್ಟೋ ಜನ ಇಂಥ ಸಲಕರಣೆ ಕೇಳಿಕೊಂಡು ಬಂದರು. ಈ ಕೆಲಸ ಈಗ ಯಾರು ಮಾಡುತ್ತಾರೆ, ನಾಳೆಯಿಂದ ಅವರು ಆ ಕೋಣೆಗೆ ಯಾಕೆ ಹೋಗುತ್ತಾರೆ ಎಂದು ಮೊದಲು ಕೇಳುವುದನ್ನು ನನಗೆ ಕಲಿಸಿದ್ದು ಗಾದಿಲಿಂಗಪ್ಪ. ಕೇಳಿದಾಗಲೆಲ್ಲ ಬಂದವರು ನನ್ನ ಮುಖ ನೋಡುತ್ತಾರೆ. ಎಂಜಿನಿಯರಿಗೆ ಯಾಕಪ್ಪಾ ಈ ಉಸಾಬರಿ ಎಂದುಕೊಳ್ಳುತ್ತಾರೋ ಏನೋ.