ಗೌರವ ಫಲಕದ ಏಳನೆಯ ಹೆಸರು

ಆಳಂದದ ಮೈದಾನದ ಪಕ್ಕದ ಕೋಣೆಯಲ್ಲಿ ಒಂದು ಗೌರವ ಫಲಕ ಹಾಕಬೇಕೆಂದು ಹಳೆಯ ಫುಟ್‌ಬಾಲ್ ಆಟಗಾರರೆಲ್ಲ ಸೇರಿ ಕಳೆದ ವರ್ಷ ತೀರ್ಮಾನಿಸಿದರು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಆಡಿ ನಿವೃತ್ತರಾದವರ ಪೈಕಿ ಏಳು ಜನರ ಹೆಸರು, ಭಾವಚಿತ್ರ ಅದರಲ್ಲಿರಬೇಕು. ಅರ್ಹರನ್ನು ಆರಿಸಲು ಮೂವರ ಸಮಿತಿ. ಅಧ್ಯಕ್ಷರು ಅಫಜಲಪುರದ ಹಳೆಯ ಆಟಗಾರರು, ನಿವೃತ್ತ ದೈಹಿಕ ಶಿಕ್ಷಕರು. ಎಲ್ಲರಿಗೂ ಅವರು ಮಾಸ್ತರರು. ಎರಡನೆಯವರು ಜೇವರ್ಗಿಯ ತೊಗರಿ ವ್ಯಾಪಾರಿ, ಒಂದು ಕಾಲದ ಗೋಲ್‌ಕೀಪರ್. ಅವರನ್ನು ಸೇಠ ಎನ್ನುತ್ತೇವೆ. ಮೂರನೆಯವನು ನಾನು. ನಾನು ಚೆಂಡು ಒದ್ದವನಲ್ಲ, ಶಾಸನಗಳ ಕಾಲನಿರ್ಣಯದಲ್ಲಿ ಡಾಕ್ಟರೇಟ್ ಪಡೆದು ಅದರಲ್ಲೇ ಆಯುಷ್ಯ ಕಳೆದವನು. ಆದರೆ ಕಾಲೇಜಿನ ದಿನಗಳಲ್ಲಿ ಈ ಮೂರೂ ತಾಲ್ಲೂಕುಗಳ ಪಂದ್ಯಗಳಿಗೆ ಸ್ಕೋರ್ ಬರೆಯುತ್ತಿದ್ದೆ. ಆಗ ನನಗೆ ಆಟಗಾರರ ಮುಖಗಳ ಗುರುತಿರಲಿಲ್ಲ, ತಂಡಗಳು ಕೊಟ್ಟ ಪಟ್ಟಿಯ ಹೆಸರುಗಳಷ್ಟೇ ಗೊತ್ತಿದ್ದವು. ಆ ಪುಸ್ತಕಗಳು ಇಂದಿಗೂ ನನ್ನ ಕಪಾಟಿನಲ್ಲಿವೆ. ಸಮಿತಿಯಲ್ಲಿ ನನಗೆ ಜಾಗ ಸಿಕ್ಕಿದ್ದು ಅವುಗಳ ಬಲದಿಂದ.

ಮೊದಲ ಸಭೆಯಲ್ಲೇ ನಾನೊಂದು ನಿಯಮ ಮಾಡಿದೆ: ಲಿಖಿತ ಆಧಾರವಿಲ್ಲದ ಯಾವ ಹೆಸರೂ ಫಲಕಕ್ಕೆ ಬರಕೂಡದು.

"ಡಾಕ್ಟರ್ ಸಾಹೇಬ್ರು ಚಹಾ ಕುಡದಿದ್ದಕ್ಕೂ ಸಾಕ್ಷಿ ಕೇಳ್ತಾರ" ಎಂದು ಸೇಠ ನಕ್ಕರು. ಮಾಸ್ತರರು ನಗಲಿಲ್ಲ.

ಆರು ಹೆಸರುಗಳು ಸಲೀಸಾಗಿ ತೀರ್ಮಾನವಾದವು. ಮಾಸ್ತರರ ಹೆಸರು ಚರ್ಚೆಗೆ ಬಂದಾಗ ಅವರು ತಾವಾಗಿ ಎದ್ದು ಹೊರಗೆ ಹೋದರು. ಮರಳಿ ಬರುವಷ್ಟರಲ್ಲಿ ಅದೂ ಒಪ್ಪಿಗೆಯಾಗಿತ್ತು. ಏಳನೆಯದಕ್ಕೆ ಜಗಳ ಹತ್ತಿತು. ಒಂದು ಕಡೆ ಆಳಂದದ ರಕ್ಷಣಾ ಆಟಗಾರ, ಇನ್ನೊಂದು ಕಡೆ ಈಗ ತೀರಿಹೋಗಿರುವ ಜೇವರ್ಗಿಯ ಮುಂಚೂಣಿ ಆಟಗಾರ.

"ಅಫಜಲಪುರದಾಗ, ನಿಮ್ಮೂರಾಗ, ನಿಮ್ಮ ಟೀಮಿಗೇ ಎರಡು ಗೋಲ್ ಹಾಕ್ಯಾನ್ರಿ ಮಾಸ್ತರ. ಫೈನಲ್‌ನಾಗ!" ಎಂದರು ಸೇಠ.

"ಎರಡು ಗೋಲಿಗೆ ಜನ್ಮ ಪೂರ್ತಿ ಫೋಟೋ ಹಾಕಬೇಕೇನ್ರಿ? ಆಳಂದದಾಂವ ಹತ್ತು ವರ್ಷ ಕಾಲು ಮುರ್ಕೊಂಡು ಆಡ್ಯಾನ."

"ಕಾಲು ಮುರ್ಕೊಂಡಿದ್ದು ಸೈಕಲ್ ಮ್ಯಾಲಿಂದ ಬಿದ್ದು. ಸುಳ್ಳ ಯಾಕ ಹೇಳ್ತೀರಿ?"

ನಾನು ಸ್ಕೋರ್ ಪುಸ್ತಕ ತೆರೆದು ಎರಡು ಗೋಲುಗಳ ಎದುರು ನನ್ನ ಕೈಬರಹದಲ್ಲಿದ್ದ ಆ ಜೇವರ್ಗಿಯ ಆಟಗಾರರ ಹೆಸರು ತೋರಿಸಿದೆ. ವಾದ ಅಲ್ಲಿಗೆ ನಿಂತಿತು. ಮಾಸ್ತರರು ಆ ಪುಟವನ್ನು ಬಹಳ ಹೊತ್ತು ನೋಡಿದ್ದು ಮಾತ್ರ ನೆನಪಿದೆ.

ಜನ್ಮದಿನಾಂಕ ಮತ್ತು ಭಾವಚಿತ್ರಕ್ಕಾಗಿ ನಾನು ಜೇವರ್ಗಿಗೆ ಹೋದೆ. ತೀರಿಹೋದ ಆ ಆಟಗಾರರ ಪತ್ನಿ ಒಂದು ತಗಡಿನ ಡಬ್ಬಿ ತಂದು ನನ್ನೆದುರಿಗಿಟ್ಟರು. ಒಳಗೆ ಪದಕ, ಕೆಲವು ಚಿತ್ರಗಳು, ಅವರ ಲಗ್ನಪತ್ರಿಕೆ. ಕಾಗದ ಕಂಡರೆ ಮೊದಲು ತಾರೀಖು ನೋಡುವುದು ನನ್ನ ಅಭ್ಯಾಸ. ನೋಡಿದೆ. ಕಿಸೆಯಲ್ಲಿದ್ದ ಪಂದ್ಯದ ಟಿಪ್ಪಣಿ ತೆಗೆದು ಮತ್ತೊಮ್ಮೆ ನೋಡಿದೆ. ಅಫಜಲಪುರದ ಫೈನಲ್ ಮತ್ತು ಜೇವರ್ಗಿಯ ಲಗ್ನ ಒಂದೇ ದಿನ ನಡೆದಿದ್ದವು. ವರ್ಷದಲ್ಲಿ ತಪ್ಪಿರಬಹುದೆಂದು ವಾರವನ್ನು ಲೆಕ್ಕ ಹಾಕಿದೆ. ವಾರವೂ ಅದೇ.

"ಲಗ್ನ ಮುಂದ ಹಾಕಿದ್ರೇನ್ರಿ ಬಾಯಾರ?" ಎಂದು ಕೇಳಿದೆ.

"ಇಲ್ರೀ. ಅವತ್ತೇ ಆತು."

"ಅವತ್ತ ಅವರು ಅಫಜಲಪುರದಾಗ ಫುಟ್‌ಬಾಲ್ ಆಡ್ಯಾರಲ್ರಿ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಅವತ್ತ ಅವರು ಬಾಸಿಂಗ ಕಟ್ಕೊಂಡು ನನ್ನ ಬಾಜೂಕ ಕೂತಿದ್ರು. ಮೈದಾನಕ್ಕ ಹ್ಯಾಂಗ ಹೋಗ್ತಾರ?"

"ಮತ್ತ ಈ ಪದಕ?"

"ಅದು ಲಗ್ನದ ಆಯಾರದ ಜೋಡಿ ಬಂತ್ರಿ. ಗೆಳೆಯರು ಉಡುಗೊರೆ ಕೊಟ್ಟಾರಂತ ನಾ ತಿಳಕೊಂಡಿದ್ದೆ." ಪದಕವನ್ನು ಮರಳಿ ಡಬ್ಬಿಯಲ್ಲಿಡುತ್ತ ಹೇಳಿದರು: "ಹೆಸರು ಬರ್ತದಂತ ಮಗಳು ಖುಷಿ ಆಗಿದ್ಳು. ಖರೇ ಇಲ್ಲಂದ್ರ ಬ್ಯಾಡ್ರಿ."

ಬಸ್ಸಿನಲ್ಲಿ ಬರುವಾಗ ಆ ಟಿಪ್ಪಣಿಯನ್ನು ಮತ್ತೆ ಮತ್ತೆ ತೆಗೆದು ನೋಡಿದೆ. ಖೊಟ್ಟಿ ತಾಮ್ರಪಟಗಳನ್ನು ಗುರುತಿಸಿದವನೆಂಬ ಹೆಸರು ನನಗಿತ್ತು. ಇಲ್ಲಿ ಖೊಟ್ಟಿ ದಾಖಲೆಯ ಲಿಪಿಕಾರ ನಾನೇ.

ಮರುದಿನ ಸಭೆಯಲ್ಲಿ ವಿಷಯವನ್ನು ಬಾಂಬಿನಂತೆ ಸಿಡಿಸಿದೆನೆಂದುಕೊಂಡೆ. ಇಬ್ಬರಲ್ಲಿ ಯಾರೂ ಬೆಚ್ಚಲಿಲ್ಲ.

"ನಿಮಗ ಇಷ್ಟು ದಿನ ಗೊತ್ತೇ ಇರಲಿಲ್ಲೇನ್ರಿ?" ಎಂದರು ಸೇಠ. "ಅವತ್ತ ಮೈದಾನದಾಗ ಕೂತವ್ರಿಗೆಲ್ಲಾ ಗೊತ್ತಿತ್ತು. ಆಡಿದಾಂವ ಮಣ್ಣೂರಿನಾಂವ. ಟೀಮಿನ ಪಟ್ಟಿ ಬರದ ಫಾರಂ ಕೊಟ್ಟ ಮ್ಯಾಲ ಹೆಸರು ಬದಲಿ ಮಾಡಾಕ ಬರ್ತಿದ್ದಿಲ್ಲ. ಯಾರರೆ ಬರಲಿಲ್ಲಂದ್ರ ಅವರ ಹೆಸರಿನ ಮ್ಯಾಲ ಇನ್ನೊಬ್ಬಾಂವ ಆಡೋದು. ಎಲ್ಲಾ ಟೀಮೂ ಮಾಡ್ತಿದ್ವು."

"ಗೊತ್ತಿದ್ದೂ ಆ ಹೆಸರಿಗೆ ಒಪ್ಪಿದಿರಾ?"

"ನಮ್ಮೂರ ಹೆಸರು ಬರಲಿ ಅಂತ ನಾ ವಾದ ಮಾಡಿದೆ, ನೀವು ಪುಸ್ತಕಾನೇ ತಗದು ತೋರಿಸಿದ್ರಿ. ನಿಮ್ಮ ಪುಸ್ತಕದ ಮುಂದ ನಾವ್ಯಾರ್ರಿ?"

ನಾನು ಮಾಸ್ತರರತ್ತ ತಿರುಗಿದೆ. "ಸೋತವರು ನೀವು. ಆಗ ದೂರು ಯಾಕೆ ಕೊಡಲಿಲ್ಲ?"

ಅವರು ಎದ್ದು ನಿಂತರು. "ಮಣ್ಣೂರಿನಾಂವ ಇನ್ನೂ ಅದಾನ. ನಾಳೆ ಹೋಗೂಣು" ಎಂದಷ್ಟೇ ಹೇಳಿದರು.

ಭೀಮಾ ದಂಡೆಯ ಮಣ್ಣೂರಿನಲ್ಲಿ ಆ ಮನುಷ್ಯ ಬೇವಿನ ಗಿಡದ ಕೆಳಗೆ ಪಂಪ್‌ಸೆಟ್ಟಿನ ಮೋಟರ್ ಬಿಚ್ಚಿಕೊಂಡು ಕೂತಿದ್ದರು. ಎಪ್ಪತ್ತು ದಾಟಿದ ತೆಳ್ಳನೆಯ ಮೈ, ಮೊಣಕೈವರೆಗೆ ಗ್ರೀಸು. ನನ್ನ ಪರಿಚಯ ಹೇಳುವ ಮೊದಲೇ ಅವರು, "ಛತ್ರಿ ಸಾಹೇಬ್ರು ಹೌದಲ್ರಿ?" ಎಂದರು. ಸ್ಕೋರ್ ಬರೆಯುವಾಗ ನಾನು ಛತ್ರಿ ಕಟ್ಟಿಕೊಂಡು ಕೂರುತ್ತಿದ್ದುದು ನಿಜ.

"ಮೊದಲನೇ ಗೋಲ್ ಆದ ಕೂಡ್ಲೆ ನನ್ನ ಕರದು ಹೆಸರು ಕೇಳಿದ್ರಿ. ನನಗ ಕೊಟ್ಟಿದ್ದ ಹೆಸರು ಗಡಿಬಿಡ್ಯಾಗ ಮರತೇ ಹೋಗಿತ್ತು. ಸುಮ್ನ ನಿಂತೆ. ನೀವೇ ಪಟ್ಟಿ ನೋಡಿ, ಇದೇನು ಅಂತ ಓದಿದ್ರಿ. ನಾ ಹೂಂ ಅಂದೆ."

ನಾನು ಅಲ್ಲಿದ್ದ ಕಲ್ಲಿನ ಮೇಲೆ ಕೂತು ಅವರನ್ನೇ ನೋಡಿದೆ. ಈ ಮುಖವನ್ನು ನೋಡುತ್ತಲೇ, ಇವರದಲ್ಲದ ಹೆಸರನ್ನು ನಾನೇ ಓದಿ ಹೇಳಿದ್ದೆ.

"ನಿಮ್ಮ ಸ್ವಂತ ಹೆಸರಿನ ಮೇಲೆ ಆಡಿದ ಪಂದ್ಯಗಳು?"

"ಒಂದೂ ಇಲ್ರಿ. ಫಾರಂನಾಗ ಹೆಸರು ಬರಬೇಕಂದ್ರ ಕ್ಲಬ್ಬಿನ ಮೆಂಬರ್ ಆಗಬೇಕು. ಆಗ ನಮ್ಮ ಓಣಿಯವ್ರನ್ನ ಯಾರು ಮೆಂಬರ್ ಮಾಡ್ಕೋತಿದ್ರು? ಆಟ ಬೇಕಾದಾಗ ಜೀಪು ಕಳಸ್ತಿದ್ರು."

ಫಲಕದ ವಿಷಯ ಹೇಳಿದೆ. ಬೇಡವೆನ್ನಬಹುದೆಂದು ಏಕೋ ಊಹಿಸಿದ್ದೆ. ಅವರು ಕೈಯೊರೆಸಿಕೊಂಡು ಎದ್ದು ನಿಂತರು.

"ಹಾಕ್ರಿ. ನನ್ನ ಹೆಸರೇ ಹಾಕ್ರಿ. ಮೊಮ್ಮಕ್ಕಳಿಗೆ ಹೇಳಿದ್ರ, ಅಜ್ಜ ಸುಳ್ಳ ಹೇಳ್ತಾನಂತ ನಗ್ತಾವ."

ನನ್ನ ನಿಯಮ ಈಗ ನನಗೇ ಅಡ್ಡ ಬಂತು. ಲಿಖಿತ ಆಧಾರ ಒಂದೂ ಇಲ್ಲ. ಇರುವ ಒಂದು ದಾಖಲೆ ಅವರ ವಿರುದ್ಧವೇ ಇದೆ. ಮೈದಾನದಲ್ಲಿ ಕೂತವರ ಬಾಯಿಮಾತನ್ನು ನಂಬಿದರೆ ನಾಳೆ ಇನ್ನೂ ಹತ್ತು ಜನ ಬಂದು ಆ ಗೋಲು ನಮ್ಮದೆನ್ನಬಹುದು. ಇದನ್ನು ಸಂಕೋಚದಿಂದಲೇ ಹೇಳಿದೆ.

"ಬೇರೆ ಯಾರ್ಯಾರ ಹೆಸರಿನ ಮ್ಯಾಲ ಆಡೀರಿ? ಅದರೆ ಹೇಳ್ರಿ" ಎಂದರು ಸೇಠ.

ಅವರು ಬೆರಳು ಮಡಚತೊಡಗಿದರು. ಸೇಠರ ಮುಖ ಬಿಳಿಚಿದ್ದು ಕಂಡು, "ನೀವು ಅಂಜಬ್ಯಾಡ್ರಿ, ಗೋಲ್‌ಕೀಪರ್ ಜಾಗಾದಾಗ ನಾ ನಿಂತಿಲ್ಲ" ಎಂದರು. ಮೂರನೆಯ ಬೆರಳಿಗೆ ಬಂದು ತಡೆದು ಮಾಸ್ತರರನ್ನು ನೋಡಿದರು.

"ಯಾಕ ನಿಂತಿ? ಹೇಳು" ಎಂದರು ಮಾಸ್ತರರು. ಆಮೇಲೆ ಅವರೇ ನನಗೆ ಹೇಳಿದರು: "ಅದರ ಹಿಂದಿನ ವರ್ಷದ ಫೈನಲ್ಲಿಗೆ ನನಗ ಜ್ವರ ಬಂದಿತ್ರಿ. ನನ್ನ ಹೆಸರಿನ ಮ್ಯಾಲ ಆಡಿ ಗೆಲ್ಲಿಸಿದಾಂವ ಇಂವನೇ. ಮರುವರ್ಷ ನಮ್ಮ ಎದುರಿಗೆ ಬಂದು ನಿಂತಾಗ ಯಾವ ಬಾಯಿಲೆ ದೂರು ಕೊಡ್ಲಿ?"

ಮಾಸ್ತರರನ್ನು ಫಲಕಕ್ಕೆ ಆರಿಸುವಾಗ ನಾವು ಮುಖ್ಯವಾಗಿ ಎತ್ತಿ ಹಿಡಿದದ್ದು ಅದೇ ಫೈನಲ್ಲನ್ನು. ಅದನ್ನೂ ನನ್ನ ಪುಸ್ತಕದಿಂದಲೇ ಓದಿದ್ದೆ.

"ಇಲ್ಲಿಗೆ ಬಂದರೆ ಇದು ಹೊರಬೀಳುತ್ತದೆಂದು ನಿಮಗೆ ತಿಳಿದಿರಲಿಲ್ಲವೆ?" ಎಂದೆ.

"ಗೊತ್ತಿದ್ದೇ ಕರಕೊಂಡು ಬಂದೇನ್ರಿ."

ಅಫಜಲಪುರ ತಲಪುವವರೆಗೆ ಸೇಠ ಮಾಸ್ತರರೊಡನೆ ಜಗಳವಾಡಿದರು. ಒಂದು ಪಂದ್ಯವನ್ನು ಲೆಕ್ಕದಿಂದ ಕಳೆದರೂ ಮಾಸ್ತರರ ಆಟ ಕಡಿಮೆಯದಲ್ಲ, ಹೆಸರು ಇರಲಿ ಎಂಬುದು ಅವರ ವಾದ. ಮಾಸ್ತರರು ಒಪ್ಪಲಿಲ್ಲ. ಅವರ ಜಾಗಕ್ಕೆ ಆಳಂದದ ರಕ್ಷಣಾ ಆಟಗಾರನನ್ನು ಬರೆಸಿದರು. "ಸೈಕಲ್ ಮ್ಯಾಲಿಂದ ಬಿದ್ದಾಂವ" ಎಂದು ಸೇಠ ಕಟಕಿಯಾಡಿದರೂ ಅಡ್ಡಿ ಮಾಡಲಿಲ್ಲ.

ನಾನು ನನ್ನ ನಿಯಮವನ್ನು ಮುರಿಯಲಿಲ್ಲ. ಮಾಸ್ತರರು ಹೇಳಿದ್ದನ್ನು ಅವರ ಎದುರಿಗೇ ಬರೆದು, ಓದಿ ಹೇಳಿ, ಸಹಿ ಪಡೆದೆ. ತನಗೆ ನಷ್ಟವಾಗುವುದನ್ನು ತಿಳಿದೂ ನುಡಿದವನ ಮಾತಿಗಿಂತ ಗಟ್ಟಿಯಾದ ಆಧಾರ ನನ್ನ ವೃತ್ತಿಜೀವನದಲ್ಲಿ ನನಗೆ ವಿರಳವಾಗಿ ಸಿಕ್ಕಿದೆ. ಆ ಹಾಳೆಯನ್ನು ಸ್ಕೋರ್ ಪುಸ್ತಕಕ್ಕೆ ಅಂಟಿಸಿ, ಮಣ್ಣೂರಿಗೆ ಫೋನು ಮಾಡಿ, ಫಲಕದ ಏಳನೆಯ ಜಾಗದಲ್ಲಿ ಅವರ ಹೆಸರು ಹೇಗೆ ಬರಬೇಕೆಂದು ಕೇಳಿದೆ.

ಅವರು ತಮ್ಮ ಹೆಸರು, ತಂದೆಯ ಹೆಸರು, ಊರು, ಒಂದೊಂದನ್ನೂ ಬಿಡಿಬಿಡಿಯಾಗಿ, ನಾನು ಬರೆದು ಮುಗಿಸುವವರೆಗೆ ಕಾಯುತ್ತ ಹೇಳಿದರು.