ರಾಗಿಗುಡ್ಡದವರೆಗೆ ಬಂದ ಹಸಿರು ಚುಕ್ಕೆ

ಮೊದಲೇ ಹೇಳಿಬಿಡುತ್ತೇನೆ, ಯಾರಾದರೂ ದೆವ್ವ, ಭೂತ ಎಂದು ಶುರು ಮಾಡಿದರೆ ಎದ್ದು ಹೋಗುವ ಜಾಯಮಾನ ನನ್ನದು. ಅರ್ಧ ಆಯುಷ್ಯ ರೇಡಿಯೊ, ವೈರ್‌ಲೆಸ್ ಸೆಟ್ಟುಗಳನ್ನು ಬಿಚ್ಚಿ ಜೋಡಿಸಿದವನು ನಾನು. ಗಾಳಿಯಲ್ಲಿ ಏನು ಹರಿಯುತ್ತದೆ, ಏನು ಹರಿಯುವುದಿಲ್ಲ ಎಂಬುದು ನನಗೆ ಯಾರೂ ಕಲಿಸಬೇಕಾಗಿಲ್ಲ. ಆದರೂ ಇದನ್ನು ಬರೆಯುತ್ತಿದ್ದೇನೆ. ಕಟ್ಟುಕತೆ ಎನ್ನುವವರು ಒಮ್ಮೆ ಭದ್ರಾವತಿಯ ನ್ಯೂ ಟೌನಿಗೆ ಹೋಗಿ ನನ್ನ ಅಕ್ಕನ ಮುಖ ನೋಡಿ ಬರಲಿ, ಆಮೇಲೆ ಮಾತಾಡೋಣ.

ಶಿವಮೊಗ್ಗದ ವಿದ್ಯಾನಗರದಲ್ಲಿ ನಮ್ಮದೊಂದು ಸಣ್ಣ ಆಫೀಸು. ಭದ್ರಾ ಹಿನ್ನೀರಿನಲ್ಲಿ ಮೀನು ಹಿಡಿಯುವ ಚಿಕ್ಕ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ ಕೊಡುವುದು ನಮ್ಮ ಕೆಲಸ. ಹೆಸರು ಅಷ್ಟುದ್ದ, ವಸ್ತು ಮಾತ್ರ ಸೋಪಿನ ಡಬ್ಬಿಯಷ್ಟು. ಅದು ಆಗಾಗ ರೇಡಿಯೊ ಸಿಗ್ನಲ್ ಬಿಡುತ್ತಿರುತ್ತದೆ. ಅಣೆಕಟ್ಟಿನ ಬಳಿ, ಭದ್ರಾವತಿಯಲ್ಲಿ, ನಮ್ಮ ಆಫೀಸಿನ ತಾರಸಿಯಲ್ಲಿ ಆಂಟೆನಾಗಳಿವೆ. ಕಂಪ್ಯೂಟರಿನ ನಕ್ಷೆಯ ಮೇಲೆ ಪ್ರತಿ ದೋಣಿಗೂ ಒಂದು ಹಸಿರು ಚುಕ್ಕೆ, ಪಕ್ಕದಲ್ಲಿ ಯಜಮಾನನ ಹೆಸರು. ಅಪಾಯವಾದರೆ ಗುಂಡಿ ಒತ್ತಬೇಕು, ಚುಕ್ಕೆ ಕೆಂಪಾಗುತ್ತದೆ, ಹತ್ತಿರದ ದೋಣಿಯವರು ಓಡುತ್ತಾರೆ. ದಡಕ್ಕೆ ಬಂದ ಮೇಲೆ ಡಬ್ಬಿಯನ್ನು ಮನೆಗೆ ಒಯ್ದು ಚಾರ್ಜಿಗೆ ಹಾಕಬೇಕು. ಹಾಗಾಗಿ ರಾತ್ರಿ ಹೊತ್ತು ಚುಕ್ಕೆಗಳೆಲ್ಲ ಅವರವರ ಮನೆಯಲ್ಲಿ ಮಲಗಿರುತ್ತವೆ.

ಮೊದಮೊದಲು ಯಾರೂ ಹತ್ತಿರ ಸೇರಿಸಲಿಲ್ಲ. ಮೀನು ಸಿಗುವ ಜಾಗ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಹೆದರಿಕೆ. ಕೊನೆಗೆ ಮೊದಲ ಡಬ್ಬಿ ತೆಗೆದುಕೊಂಡವನು ನನ್ನ ಭಾವ, ಮಂಜಣ್ಣ. ಕಾರ್ಖಾನೆಯ ಕೆಲಸ ಹೋದ ಮೇಲೆ ದೋಣಿ ಹಿಡಿದವನು.

"ಏನೋ ಶಿವು, ದನದ ಕೊರಳಿಗೆ ಗಂಟೆ ಕಟ್ದಂಗೆ ನಂಗೂ ಕಟ್ತೀಯೇನೋ?" ಎಂದು ನಕ್ಕಿದ್ದ.

"ಕಟ್ಟು ಕಟ್ಟು. ಎಲ್ಲೆಲ್ಲಿ ಮೇಯ್ಕೊಂಡು ಬರ್ತಾರೆ ಅಂತ ನಂಗೂ ಗೊತ್ತಾಗ್ಲಿ" ಎಂದಿದ್ದಳು ಗಿರಿಜಕ್ಕ.

ಅವಳ ಮೊಬೈಲಿಗೂ ನಕ್ಷೆ ಹಾಕಿಕೊಟ್ಟಿದ್ದೆ. ಭಾವನ ಚುಕ್ಕೆ ದಡಕ್ಕೆ ತಿರುಗಿದ್ದು ನೋಡಿಯೇ ಅವಳು ಅನ್ನಕ್ಕಿಡುತ್ತಿದ್ದಳು. ಮಕ್ಕಳಿಲ್ಲದ ಮನೆ. ಒಬ್ಬರಿಗೊಬ್ಬರು ಎಂದು ಬದುಕಿದ್ದರು.

ಆಮೇಲೊಂದು ಸಂಜೆ ಇದ್ದಕ್ಕಿದ್ದಂತೆ ಹಿನ್ನೀರಿನಲ್ಲಿ ಗಾಳಿ ಎದ್ದಿತು. ಮೂರು ಚುಕ್ಕೆ ಕೆಂಪಾದವು. ಎರಡು ದೋಣಿಯವರನ್ನು ಎಳೆದು ತಂದರು. ಅವರು ಇವತ್ತೂ ಸಿಕ್ಕಿದಲ್ಲಿ ನನಗೆ ಕೈ ಮುಗಿಯುತ್ತಾರೆ. ಮೂರನೆಯದು ಭಾವನದು. ಅಲ್ಲಿ ಸಿಕ್ಕಿದ್ದು ಮಗುಚಿದ ದೋಣಿ ಮಾತ್ರ. ಡಬ್ಬಿಯನ್ನು ಅವನು ಯಾವಾಗಲೂ ಸೊಂಟಕ್ಕೇ ಕಟ್ಟಿಕೊಳ್ಳುತ್ತಿದ್ದ. ನೀರಿನಡಿಯಿಂದ ಸಿಗ್ನಲ್ ಬರುವುದಿಲ್ಲ. ಬ್ಯಾಟರಿಯೂ ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ತಾಳುವುದಿಲ್ಲ. ಮುಳುಗು ತಜ್ಞರು ಬಂದು ಹುಡುಕಿ ಹುಡುಕಿ ಕೈಚೆಲ್ಲಿದರು.

ಮನೆಯ ಹಿರಿಯರು ಕಾರ್ಯ ಮುಗಿಸಿಬಿಡೋಣ ಎಂದರು. ಅಕ್ಕ ಸಿಡಿದಳು. "ಮುಖ ನೋಡ್ದೆ ನಾನ್ಯಾಕೆ ಕುಂಕುಮ ಅಳಿಸ್ಲಿ? ನೀವು ನೋಡಿದೀರಾ? ಯಾರಾದ್ರೂ ನೋಡಿದೀರಾ?"

ಊಟ ಬಿಟ್ಟು ಹಗಲೂ ರಾತ್ರಿ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ನೋಡಲಾಗದೆ, ಜಗಳವಾಡಿ, ರಾಗಿಗುಡ್ಡದ ನನ್ನ ಮನೆಗೆ ಕರೆದುಕೊಂಡು ಬಂದೆ. ನಾನು ಮದುವೆಯ ಗೋಜಿಗೆ ಹೋದವನಲ್ಲ, ಮನೆಯಲ್ಲಿ ಜಾಗಕ್ಕೇನೂ ಕೊರತೆ ಇರಲಿಲ್ಲ. ನ್ಯೂ ಟೌನಿನ ಮನೆಗೆ ಬೀಗ ಹಾಕಿದವಳು ಮತ್ತೆ ಬಾಗಿಲ ಕಡೆಗೇ ತಿರುಗಿದಳು.

"ಅವ್ರು ಬಂದ್ರೆ?"

"ಪಕ್ಕದ್ಮನೆ ಸೆಲ್ವಿ ಫೋನ್ ಮಾಡ್ತಾಳೆ ಬಾರೇ ಅಕ್ಕ" ಎಂದು ಬಾಯಿಗೆ ಬಂದದ್ದು ಹೇಳಿದೆ.

ಅವಳು ನನ್ನ ಮನೆಗೆ ಬಂದು ಒಂದು ವಾರವಾಗಿರಬಹುದು. ಒಂದು ರಾತ್ರಿ ಆಫೀಸಿನಿಂದ ಸಲೀಂ ಫೋನ್ ಮಾಡಿದ. ರಾತ್ರಿ ಪಾಳಿಯಲ್ಲಿ ನಕ್ಷೆ ನೋಡುವವನು ಅವನೇ. ದನಿ ಪಿಸುಗುಟ್ಟಿದಂತಿತ್ತು.

"ಶಿವಣ್ಣ... ಕೂತ್ಕೊಂಡು ಕೇಳಿ. ಮಂಜಣ್ಣಂದು ಚುಕ್ಕೆ ಬಂದಿದೆ."

"ನಿದ್ದೆಗಣ್ಣಲ್ಲಿ ಏನಾದ್ರೂ ಕಂಡ್ಯೇನೋ ಮಾರಾಯ?"

"ಅಲ್ಲಾಣೆ ಅಣ್ಣ. ಹಸಿರು. ನ್ಯೂ ಟೌನಲ್ಲಿದೆ... ಅವರ ಮನೆ ಮೇಲೇ ನಿಂತಿದೆ."

ಯಾರಿಗೋ ಡಬ್ಬಿ ಸಿಕ್ಕಿದೆ, ಚಾರ್ಜ್ ಮಾಡಿ ವಾಪಸ್ ಕೊಡಲು ತಂದಿದ್ದಾರೆ... ನನ್ನ ತಲೆ ಆ ದಾರಿಯಲ್ಲೇ ಓಡಿತು. ಆದರೆ ಈ ಹೊತ್ತಿನಲ್ಲಿ ಯಾರು ತರುತ್ತಾರೆ? ತಿರುಗಿ ನೋಡಿದರೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಮೊಬೈಲು. ಅವಳು ಆಗಲೇ ನೋಡಿದ್ದಳು. ದಿನವೂ ರಾತ್ರಿಯೆಲ್ಲ ಅದನ್ನೇ ನೋಡುತ್ತಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ.

"ನಡಿ" ಎಂದಳು. "ಬೀಗ ಹಾಕಿದೆ ಕಣೋ. ಪಾಪ, ಹೊರಗೆ ನಿಂತಿದಾರೆ."

ಸ್ಕೂಟರ್ ತೆಗೆದೆ. ಮಳೆಯಿಲ್ಲ, ಚಳಿಯಿಲ್ಲ. ಹೊಳೆಹೊನ್ನೂರು ಕಡೆಯ ಆಕಾಶದಲ್ಲಿ ಅರ್ಧ ಚಂದ್ರ. ಒಣ ರಸ್ತೆ. ಅಕ್ಕ ಹಿಂದೆ ಕೂತು ಒಂದು ಕೈಯಲ್ಲಿ ನನ್ನ ಭುಜ, ಇನ್ನೊಂದರಲ್ಲಿ ಮೊಬೈಲು ಹಿಡಿದಿದ್ದಳು. "ಇನ್ನೂ ಅಲ್ಲೇ ಇದಾರೆ... ಅಲ್ಲೇ ಇದಾರೆ..." ಎಂದು ಹೇಳುತ್ತಲೇ ಇದ್ದಳು. ಈಜಿ ಎಲ್ಲೋ ದಡ ಸೇರಿರಬಹುದು, ನೆನಪು ತಪ್ಪಿರಬಹುದು, ಯಾರೋ ಆರೈಕೆ ಮಾಡಿರಬಹುದು ಎಂದು ನನಗೂ ಅನ್ನಿಸತೊಡಗಿತು. ದೇವರೇ, ಬದುಕಿರಲಿ ಎಂದು ನಾನೂ ಬೇಡಿಕೊಂಡೆ.

ಊರು ದಾಟಿದ ಮೇಲೆ ಅವಳ ಫೋನು ಹೊಡೆದುಕೊಂಡಿತು. ನಿಲ್ಲಿಸಿದೆ. ಸೆಲ್ವಿ. ಅಕ್ಕ ಸ್ಪೀಕರಿಗೆ ಹಾಕಿದಳು.

"ಗಿರಿಜಕ್ಕ, ನಿಮ್ಮನೆ ಬೀಗ ಯಾರೋ ಅಲ್ಲಾಡಿಸ್ತಾರೆ ಅಕ್ಕ. ಎಷ್ಟ್ ಹೊತ್ತಿಂದ. ನಾನು ಕಿಟಕಿಯಿಂದ ನೋಡ್ದೆ... ಲೈಟ್ ಉರೀತಾ ಇದೆ, ಯಾರೂ ಇಲ್ಲ. ಬೀಗ ಮಾತ್ರ ಆಡ್ತಾ ಇದೆ. ಅಯ್ಯೋ ಮುರುಗಾ, ನಂಗೆ ಭಯ ಆಗ್ತಿದೆ."

"ಸೆಲ್ವಿ, ಹೋಗಿ ಹೇಳೇ. ನಾನು ಬರ್ತಾ ಇದೀನಿ ಅಂತ ಹೇಳೇ ಅವ್ರಿಗೆ!"

"ಯಾರಿಗಕ್ಕಾ ಹೇಳೋದು? ಅಲ್ಲಿ ಯಾರೂ ಇಲ್ವೇ..."

ಆ ಮಾತು ಮುಗಿಯುತ್ತಿದ್ದಂತೆ ಸೆಲ್ವಿ "ನಿಂತೋಯ್ತು" ಎಂದಳು. ಅದೇ ಹೊತ್ತಿಗೆ ನಕ್ಷೆಯಲ್ಲಿ ಚುಕ್ಕೆ ಮನೆ ಬಿಟ್ಟು ಹೊರಟಿತು.

ನಾನು ಗಾಡಿ ಸ್ಟಾರ್ಟ್ ಮಾಡದೆ ನೋಡುತ್ತ ನಿಂತೆ. ಚುಕ್ಕೆ ಮುಖ್ಯ ರಸ್ತೆಗೆ ಬಂತು. ಹಿನ್ನೀರಿನ ಕಡೆ ತಿರುಗಲಿಲ್ಲ. ಶಿವಮೊಗ್ಗದ ಕಡೆ ತಿರುಗಿತು. ನಡೆಯುವವರ ವೇಗವಲ್ಲ ಅದು, ಬಸ್ಸಿನ ವೇಗ.

"ನನ್ನ ಹುಡುಕ್ಕೊಂಡು ನಿಮ್ಮನೆಗೆ ಹೊರಟಿದಾರೆ" ಎಂದಳು ಅಕ್ಕ. ಅಳುತ್ತಿರಲಿಲ್ಲ. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಗೆಲುವಿತ್ತು. "ಇದೇ ದಾರಿ ಅಲ್ವೇನೋ? ಇಲ್ಲೇ ಕಾಯೋಣ. ಎಲ್ಲಿಗೂ ಹೋಗೋದು ಬೇಡ."

ಮಾಚೇನಹಳ್ಳಿಗಿಂತ ಸ್ವಲ್ಪ ಈಚೆ, ಮುಚ್ಚಿದ ಟೀ ಅಂಗಡಿಯ ಮುಂದೆ ನಿಂತೆವು. ಅವಳು ಸೆರಗು ಸರಿ ಮಾಡಿಕೊಂಡಳು. ತಲೆಗೂದಲನ್ನು ಕೈಯಿಂದಲೇ ಒಪ್ಪ ಮಾಡಿಕೊಂಡಳು. ನಾನು ಸ್ಕೂಟರಿನ ದೀಪವನ್ನು ರಸ್ತೆಗೆ ತಿರುಗಿಸಿಟ್ಟೆ.

ಚುಕ್ಕೆ ಹತ್ತಿರ ಬಂತು... ಇನ್ನೂ ಹತ್ತಿರ... ಒಂದು ಲಾರಿ ಹೋಯಿತು. ಅದಲ್ಲ, ಚುಕ್ಕೆ ಇನ್ನೂ ಹಿಂದಿತ್ತು. ಆಮೇಲೆ ರಸ್ತೆ ಪೂರ್ತಿ ಖಾಲಿ. ಜೀರುಂಡೆಗಳ ಸದ್ದು ಒಮ್ಮೆಲೇ ನಿಂತಿತು. ಆಗ ವಾಸನೆ ಬಂತು.

ಒದ್ದೆ ಬಲೆಯ ವಾಸನೆ. ಹಿನ್ನೀರಿನ ಕೆಸರಿನ ವಾಸನೆ. ಅದರೊಳಗೆ ಸಣ್ಣಗೆ, ಭಾವ ಸೇದುತ್ತಿದ್ದ ಬೀಡಿಯ ವಾಸನೆ. ಆ ಒಣ ರಸ್ತೆಯಲ್ಲಿ, ಕೆರೆಯೂ ಇಲ್ಲದ ಜಾಗದಲ್ಲಿ! ಮೊಬೈಲಿನಲ್ಲಿ ಚುಕ್ಕೆ ಸರಿಯಾಗಿ ನಾವು ನಿಂತ ಜಾಗದ ಮೇಲಿತ್ತು. ದೀಪದ ಬೆಳಕಿನಲ್ಲಿ ಬರೀ ಟಾರು.

"ರೀ..." ಎಂದಳು ಅಕ್ಕ. "ರೀ, ಇಲ್ಲಿದೀನಿ. ನಾನಿಲ್ಲೇ ಇದೀನ್ರೀ!"

ಎರಡೂ ಕೈ ಚಾಚಿಕೊಂಡು ರಸ್ತೆಯ ನಡುವಿಗೆ ಓಡಿದಳು. ಹಿಡಿದೆಳೆಯಲು ನಾನೂ ಓಡಿದೆ. ನನ್ನ ಎಡಗೈಗೆ ತಣ್ಣಗೆ ಏನೋ ತಾಗಿ ಹೋಯಿತು. ಬಾವಿಯೊಳಗೆ ಕೈ ಇಟ್ಟಂತೆ ಆಯಿತು, ಅಷ್ಟೇ. ಚುಕ್ಕೆ ನಿಲ್ಲಲಿಲ್ಲ. ನಮ್ಮನ್ನು ದಾಟಿ ಶಿವಮೊಗ್ಗದ ಕಡೆ ಹೋಯಿತು. ವಾಸನೆಯೂ ಹೋಯಿತು.

ಅಕ್ಕ ರಸ್ತೆಯ ನಡುವೆ ನಿಂತಿದ್ದಳು. ನನ್ನ ಕಡೆ ತಿರುಗಿ ಕೇಳಿದಳು.

"ನಮಗೆ ಅವ್ರು ಕಾಣ್ಲಿಲ್ಲ. ಅವ್ರಿಗೂ ನಾವು ಕಾಣಲ್ಲ ಅಲ್ವೇನೋ ಶಿವು?"

ನಾನು ಗಾಡಿ ತಿರುಗಿಸಿದೆ. ಜೀವ ಕೈಯಲ್ಲಿ ಹಿಡಿದು ಓಡಿಸಿದೆ. ಚುಕ್ಕೆ ರಾಗಿಗುಡ್ಡ ತಲುಪಿತ್ತು. ನನ್ನ ಮನೆಯ ಮೇಲೆ ನಿಂತಿತ್ತು. "ಇನ್ನೂ ಇದಾರೆ, ಬೇಗ ಹೋಗೋ, ಬೇಗ..." ಎಂದು ಅಕ್ಕ ನನ್ನ ಬೆನ್ನಿಗೆ ಗುದ್ದುತ್ತಿದ್ದಳು. ನಮ್ಮ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಅವಳ ಮಾತು ನಿಂತಿತು. ಚುಕ್ಕೆ ಆರಿಹೋಗಿತ್ತು.

ಮನೆ ಮುಂದೆ ಯಾರೂ ಇರಲಿಲ್ಲ. ನನ್ನ ಬಾಗಿಲ ಬೀಗ ಸಣ್ಣಗೆ ಅತ್ತಿತ್ತ ಆಡುತ್ತಿತ್ತು... ನೋಡುತ್ತಿದ್ದಂತೆ ನಿಂತಿತು. ಅಕ್ಕ ಅದನ್ನು ಕೈಯಲ್ಲಿ ಹಿಡಿದುಕೊಂಡಳು. ಮುಷ್ಟಿಯಿಂದ ನೀರು ತೊಟ್ಟಿಕ್ಕಿತು. ಅವಳು ಆ ಒದ್ದೆ ಕೈಯನ್ನು ಕೆನ್ನೆಗೆ ಒತ್ತಿಕೊಂಡು, ಅಷ್ಟು ದಿನ ತಡೆದಿಟ್ಟದ್ದನ್ನೆಲ್ಲ ಅತ್ತಳು. ನಾನೂ ಅತ್ತೆ. ನಾಚಿಕೆ ಏನು ಬಂತು ಇದರಲ್ಲಿ.

ಆಫೀಸಿನಲ್ಲಿ ಮಾರನೆಯ ದಿನ, ಎಲ್ಲೋ ತಿರುಗಿ ಬಂದ ಹಳೆಯ ಸಿಗ್ನಲ್ ಇರಬೇಕು ಎಂದರು. ಇರಬಹುದು. ಬೀಗಕ್ಕೂ ಸಿಗ್ನಲ್ ಬರುತ್ತದೆಯೇ ಎಂದು ಕೇಳಿದೆ. ಸಲೀಂ ರಾತ್ರಿ ಪಾಳಿ ಬಿಟ್ಟ. ಈಗ ಅದನ್ನು ನಾನೇ ಮಾಡುತ್ತೇನೆ. ಭಾವನ ಹೆಸರನ್ನು ಅಳಿಸಿಹಾಕಲು ಹೇಳಿದ್ದಾರೆ. ನನ್ನ ಕೈ ಬಂದಿಲ್ಲ.

ಅಕ್ಕ ಮರುದಿನವೇ ನ್ಯೂ ಟೌನಿಗೆ ವಾಪಸ್ ಹೋದಳು. ಅಂದಿನಿಂದ ಆ ಮನೆ ಬಿಟ್ಟು ಒಂದು ರಾತ್ರಿಯೂ ಹೊರಗೆ ಉಳಿದಿಲ್ಲ. ನನ್ನ ಕಣ್ಣಿನ ಆಪರೇಷನ್ನಿಗೂ ಬರಲಿಲ್ಲ. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಚುಕ್ಕೆ ಮತ್ತೆ ಬಂದಿಲ್ಲ. ಅದು ಬರಲಿ ಎಂದು ಕಾಯುತ್ತಿದ್ದೇನೋ, ಬಾರದಿರಲಿ ಎಂದೋ, ನನಗೇ ತಿಳಿಯದು. ನಕ್ಷೆಯ ಮುಂದೆ ಒಬ್ಬನೇ ಕೂತಾಗ ಎಡಗೈ ಈಗಲೂ ಒಮ್ಮೊಮ್ಮೆ ತಣ್ಣಗಾಗುತ್ತದೆ.

ತನ್ನ ಮೊಬೈಲಿನ ನಕ್ಷೆಯನ್ನು ಅವಳು ತೆಗೆಸಿಬಿಟ್ಟಿದ್ದಾಳೆ. ಮಲಗುವ ಮುಂಚೆ ನನಗೆ ಫೋನ್ ಮಾಡುತ್ತಾಳೆ.

"ಬಂದಿದಾರೇನೋ?"

"ಇಲ್ಲ ಅಕ್ಕ."

"ಬಂದ್ರೆ ನಂಗೆ ಫೋನ್ ಮಾಡ್ಬೇಡ. ಎದ್ದು ಹೊರಟ್ಬಿಡ್ತೀನಿ, ಮತ್ತೆ ತಪ್ಪಿ ಹೋಗ್ತಾರೆ" ಎನ್ನುತ್ತಾಳೆ.